ಹಿಮದ ಬಾಗಿಲು ತೆರೆದ ನವೆಂಬರ್

“ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡಿಹೋಗುತ್ತದೆ” ಎಂಬುದು ನಮ್ಮ ನಾಡಿನ ಗಾದೆ. ಸುರಪುರ ತಾಲ್ಲೂಕಿನ ನಮ್ಮ ಕಕ್ಕೇರಾದಲ್ಲಿ ಅದು ಶಿವರಾತ್ರಿಯವರೆಗೂ ಕಾಯುವುದಿಲ್ಲ. ಎಳ್ಳಮಾವಾಸ್ಯೆಯಂದು ಹೊಲಕ್ಕೆ ಹೋಗಿ ಚರಗ ಚೆಲ್ಲುವ ಹೊತ್ತಿಗೆ ಬೆಳಗಿನ ಗಾಳಿ ಮೈ ಕೊರೆಯುವುದುಂಟು. ಮುದುಕರು ಕಂಬಳಿ ಹೊದ್ದು ಬೆಂಕಿ ಕಾಯಿಸುತ್ತ ಕೂಡುವುದುಂಟು. ಸಂಕ್ರಾಂತಿ ಕಳೆಯಿತೆಂದರೆ ಕಂಬಳಿ ಮತ್ತೆ ಗೂಟಕ್ಕೆ ಏರುತ್ತದೆ. ಆಮೇಲಿನ ನಾಲ್ಕು ತಿಂಗಳು ಬಿಸಿಲಿನ ಮಾತೇ ಮಾತು.

ಇಂಥ ಊರಿನ ಶಾಲೆಯಲ್ಲಿ ಹಿಮಾಲಯದ ಪಾಠ ಹೇಳುವುದು ಸುಲಭವಲ್ಲ. ಒಮ್ಮೆ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದುನಿಂತು, “ಸರ್, ಹಿಮ ಅಂದ್ರ ನಮ್ಮ ಆಣೆಕಲ್ಲಿನಂಗ ಇರ್ತದೇನ್ರೀ?” ಎಂದು ಕೇಳಿದ. ತರಗತಿಯೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ; ಏಕೆಂದರೆ ಆ ಹುಡುಗನ ಕಷ್ಟ ನಮ್ಮ ನುಡಿಯ ಕಷ್ಟವೂ ಹೌದು. ಬೆಳಗಿನಲ್ಲಿ ಹೊಲದ ಮೇಲೆ ಕವಿಯುವ ಹೊಗೆಯಂಥದೂ ನಮಗೆ ಮಂಜು. ಗರಿಕೆಯ ತುದಿಯ ಹನಿಯೂ ಕೆಲವರಿಗೆ ಮಂಜು. ಹಿಮಾಲಯದ ತಲೆಯ ಮೇಲಿನ ಬಿಳುಪೂ ಮಂಜೇ. ಕಾಣದ ವಸ್ತುವಿಗೆ ಪ್ರತ್ಯೇಕವಾದ ಮಾತು ಹುಟ್ಟುವುದಿಲ್ಲ. ‘ಹಿಮ’ವೆಂಬ ಶಬ್ದವನ್ನು ಸಂಸ್ಕೃತದಿಂದ ತಂದುಕೊಂಡೆವು, ಆ ಶಬ್ದದ ಭಾರ ಮಾತ್ರ ಬಹುಕಾಲ ನಮಗೆ ತಿಳಿಯದೆ ಹೋಯಿತು.

ಆ ಭಾರವನ್ನು ಮೈಮೇಲೆ ಹೊತ್ತು ತಿಳಿದವರು ನಮ್ಮ ನಾಡಿನಲ್ಲಿಯೂ ಇದ್ದಾರೆ. ಅವರ ಕಥೆ ಜೋಜಿಲಾ ಎಂಬ ಕಣಿವೆಯ ಬಾಯಿಂದ ಆರಂಭವಾಗುತ್ತದೆ.

ಕಾಶ್ಮೀರದ ಶ್ರೀನಗರದಿಂದ ಲಡಾಖಿನ ಲೇಹಕ್ಕೆ ಹೋಗುವ ದಾರಿ ಸೋನಮಾರ್ಗ, ಬಾಲ್ಟಾಲ್‌ಗಳನ್ನು ದಾಟಿ ಒಮ್ಮೆಲೆ ಮೇಲಕ್ಕೇರುತ್ತದೆ. ಅಲ್ಲಿ ಸುಮಾರು ೧೧,೫೦೦ ಅಡಿ ಎತ್ತರದಲ್ಲಿ ಎರಡು ಬೆಟ್ಟಗಳ ನಡುವೆ ಒಂದು ಸಂದು ಇದೆ, ಅದೇ ಜೋಜಿಲಾ. ‘ಲಾ’ ಎಂದರೆ ಆ ಕಡೆಯ ನುಡಿಯಲ್ಲಿ ಕಣಿವೆದಾರಿ. ಚಳಿಗಾಲದಲ್ಲಿ ಪಶ್ಚಿಮದ ಕಡಲುಗಳಿಂದ ಹೊರಟು ಬರುವ ತೇವದ ಗಾಳಿ ಈ ಬೆಟ್ಟಸಾಲಿಗೆ ತಾಗಿ ತನ್ನ ಹೊರೆಯನ್ನೆಲ್ಲ ಹಿಮವಾಗಿ ಇಳಿಸಿಬಿಡುತ್ತದೆ. ಹೀಗೆ ಹೊರೆ ಇಳಿಸಿಕೊಂಡ ಗಾಳಿ ಆಚೆ ಬದಿಗೆ ಹೋದಾಗ ಒಣಗಿರುತ್ತದೆ. ಆದುದರಿಂದ ಲೇಹ ಪಟ್ಟಣದಲ್ಲಿ ವರ್ಷಕ್ಕೆ ಬೀಳುವ ಮಳೆ ಹಿಮಗಳೆರಡೂ ಸೇರಿ ನಾಲ್ಕು ಅಂಗುಲದಷ್ಟೂ ಆಗುವುದು ಕಷ್ಟ. ಬರಗಾಲದ ಸೀಮೆಯೆಂದು ಹೆಸರು ಪಡೆದ ನಮ್ಮ ಎರೆನೆಲಕ್ಕೂ ಅದಕ್ಕಿಂತ ಹಲವು ಪಟ್ಟು ಹೆಚ್ಚು ಮಳೆಯಾಗುತ್ತದೆ. ಲಡಾಖಿನವರ ಕಷ್ಟ ಇದು: ಮನೆಯ ಮುಂದೆ ಬೀಳುವ ಹಿಮ ಅಲ್ಪ, ಹೊರಲೋಕದ ಬಾಗಿಲಿಗೆ ಬಿದ್ದ ಹಿಮ ಆಳೆತ್ತರ. ಹಿಂದೆ ನವೆಂಬರ್ ಕಳೆದರೆ ಬಾಗಿಲು ಮುಚ್ಚುತ್ತಿತ್ತು. ತೆರೆಯುತ್ತಿದ್ದುದು ಮುಂದಿನ ಬೇಸಗೆಯಲ್ಲಿ. ಹಿಂದಿನ ಕಾಲದಲ್ಲಿ ಐದಾರು ತಿಂಗಳ ಕಾಲ ಒಂದು ಚೀಲ ಉಪ್ಪು ಸಹ ಆ ದಾರಿಯಲ್ಲಿ ಹೋಗುವಂತಿರಲಿಲ್ಲ.

ಹಾಗಾದರೆ ಅಲ್ಲಿಯ ಜನ ಬಾಳಿದ್ದು ಹೇಗೆ? ಅವರ ಉಪಾಯಗಳನ್ನು ಕೇಳಿದರೆ ನಮ್ಮ ಅಜ್ಜಂದಿರು ಅವುಗಳನ್ನು ಕೂಡಲೇ ಗುರುತಿಸುತ್ತಿದ್ದರು. ಬೇಸಗೆಯಲ್ಲಿ ಬೆಳೆದ ಗಜ್ಜರಿ, ಆಲೂಗಡ್ಡೆ, ಮೂಲಂಗಿಗಳನ್ನು ನೆಲದಲ್ಲಿ ಕುಣಿ ತೋಡಿ ಹೂಳುತ್ತಾರೆ. ಮೇಲಿನ ಮಣ್ಣು ಹೆಪ್ಪುಗಟ್ಟಿದರೂ ಆಳದ ಮಣ್ಣು ಅಷ್ಟು ತಣಿಯುವುದಿಲ್ಲವಾದ್ದರಿಂದ ಗಡ್ಡೆಗಳು ಕೆಡದೆ ಉಳಿಯುತ್ತವೆ. ಜರ್ದಾಳು ಹಣ್ಣನ್ನು ಮಾಳಿಗೆಯ ಮೇಲೆ ಒಣಗಿಸಿ ಕೂಡಿಡುತ್ತಾರೆ. ಜವೆಗೋದಿಯನ್ನು ಹುರಿದು ಹಿಟ್ಟು ಮಾಡಿಟ್ಟುಕೊಳ್ಳುತ್ತಾರೆ. ಅದನ್ನು ಬೇಯಿಸುವ ಅಗತ್ಯವಿಲ್ಲ, ಆದುದರಿಂದ ಉರುವಲು ಉಳಿಯುತ್ತದೆ. ಸೆಗಣಿಯ ಕುಳ್ಳು ಅವರ ಮುಖ್ಯ ಸೌದೆ. ದನಕರುಗಳು ಮನೆಯ ಕೆಳ ಅಂತಸ್ತಿನಲ್ಲಿ, ಮಂದಿ ಮೇಲೆ. ದನದ ಮೈಯ ಬಿಸುಪು ಮೇಲಕ್ಕೇರಿ ಮನೆಯನ್ನು ಬೆಚ್ಚಗಿಡುತ್ತದೆ. ಹುಲ್ಲಿನ ಹೊರೆ ಮಾಳಿಗೆಯ ಅಂಚಿಗೆ. ಚಳಿಗಾಲದಲ್ಲಿ ಮನೆಮಂದಿಯೆಲ್ಲ ಒಲೆಯಿರುವ ಒಂದೇ ಕೋಣೆಗೆ.

ನಮ್ಮಲ್ಲಿ ಹಗೇವು ಇದ್ದ ಮನೆಗಳನ್ನು ನೋಡಿದವರಿಗೆ ಇದರ ಮರ್ಮ ಬಿಡಿಸಿ ಹೇಳಬೇಕಾಗಿಲ್ಲ. ಎರೆಸೀಮೆಯ ಒಕ್ಕಲಿಗ ಬರದ ವರ್ಷಕ್ಕೆಂದು ಬಿಳಿಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚುತ್ತಿದ್ದ. ಅದನ್ನು ತೆರೆದ ಕೂಡಲೇ ಒಳಕ್ಕೆ ಇಳಿಯುವಂತಿರಲಿಲ್ಲ; ಕೆಟ್ಟ ಗಾಳಿ ಹೊರಹೋಗಲು ಬಿಟ್ಟು, ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು. ಅಲ್ಲಿ ಹಿಮ, ಇಲ್ಲಿ ಬರ. ಶತ್ರು ಬೇರೆ, ಯುಕ್ತಿ ಒಂದೇ: ಕೆಟ್ಟ ಕಾಲವನ್ನು ಒಳ್ಳೆಯ ಕಾಲದಲ್ಲಿಯೇ ಗೆಲ್ಲಬೇಕು. ಈ ಒಂದು ಮಾತನ್ನು ನೆನಪಿನಲ್ಲಿಟ್ಟುಕೊಂಡು ೧೯೪೮ಕ್ಕೆ ಬರೋಣ.

೧೯೪೭ರ ಅಕ್ಟೋಬರಿನಲ್ಲಿ ಕಾಶ್ಮೀರದ ಮೇಲೆ ದಾಳಿ ನಡೆದುದು ಎಲ್ಲರಿಗೂ ತಿಳಿದ ಸಂಗತಿ. ಶ್ರೀನಗರ ಉಳಿಯಿತು. ಲಡಾಖಿನ ಗತಿ ಮಾತ್ರ ತೂಗುಯ್ಯಾಲೆಯಲ್ಲಿತ್ತು. ಲೇಹದಲ್ಲಿ ಹೇಳಿಕೊಳ್ಳುವಂಥ ಸೈನ್ಯವಿರಲಿಲ್ಲ. ೧೯೪೮ರ ಫೆಬ್ರವರಿಯಲ್ಲಿ ಲಾಹೂಲ್ ಪ್ರದೇಶದ ಮೇಜರ್ ಪೃಥ್ವಿಚಂದ್ ಎಂಬ ಅಧಿಕಾರಿ ಸ್ವಯಂಸೇವಕರ ಒಂದು ಚಿಕ್ಕ ತಂಡವನ್ನು ಕಟ್ಟಿಕೊಂಡು, ಯಾರೂ ಜೋಜಿಲಾದ ಕಡೆ ತಲೆಯಿಟ್ಟು ಮಲಗಲೂ ಹೆದರುವ ಆ ಋತುವಿನಲ್ಲಿ, ಕಣಿವೆಯನ್ನು ಕಾಲುನಡಿಗೆಯಿಂದ ದಾಟಿ ಮಾರ್ಚ್ ೮ರಂದು ಲೇಹವನ್ನು ಮುಟ್ಟಿದ. ಊರ ಜನರನ್ನು ಕೂಡಿಸಿ ಅವರಿಗೆ ಬಂದೂಕು ಹಿಡಿಯುವುದನ್ನು ಕಲಿಸಿದ. ಅದರಿಂದ ದೊರೆತುದು ಸ್ವಲ್ಪ ಕಾಲಾವಕಾಶ ಮಾತ್ರ.

ಆ ಮೇ ತಿಂಗಳಿನಲ್ಲಿ ಕಾಶ್ಮೀರದ ಸೇನಾವಿಭಾಗದ ಹೊಣೆ ಹೊತ್ತವರು ಕೊಡಗಿನ ಮೇಜರ್ ಜನರಲ್ ತಿಮ್ಮಯ್ಯನವರು. ಮಡಿಕೇರಿಯಲ್ಲಿ ೧೯೦೬ರಲ್ಲಿ ಹುಟ್ಟಿದವರು. ಕೊಡಗಿನಲ್ಲಿ ಮಳೆಯುಂಟು, ಮಂಜು ಕವಿಯುವುದುಂಟು, ಹಿಮ ಬೀಳುವುದಿಲ್ಲ. ಲೇಹದಲ್ಲಿ ಸೋನಂ ನೋರ್ಬು ಎಂಬ ಎಂಜಿನಿಯರು ಊರವರ ನೆರವಿನಿಂದ ಮರಳುನೆಲದಲ್ಲಿ ಒಂದು ವಿಮಾನದಂಗಳವನ್ನು ಸಿದ್ಧಪಡಿಸಿದ್ದರು. ಅಷ್ಟು ಎತ್ತರದಲ್ಲಿ ವಿಮಾನ ಇಳಿಸಿದವರು ಅದುವರೆಗೆ ನಮ್ಮಲ್ಲಿ ಯಾರೂ ಇರಲಿಲ್ಲ. ಮೇ ೨೪ರಂದು ವಾಯುಪಡೆಯ ಮೆಹರ್ ಸಿಂಗ್ ಅವರು ಡಕೋಟಾ ವಿಮಾನವೊಂದನ್ನು ಶಿಖರಗಳ ನಡುವೆ ಹಾರಿಸಿಕೊಂಡು ಹೋಗಿ ಅಲ್ಲಿ ಇಳಿಸಿದರು. ವಿಮಾನದಲ್ಲಿ ಅವರೊಡನೆ ಕುಳಿತಿದ್ದವರು ತಿಮ್ಮಯ್ಯನವರು. ಇತರರನ್ನು ಕಳುಹಿಸುವ ಮೊದಲು ತಾನೇ ಹೋಗಿ ನೋಡಬೇಕೆಂಬುದು ಅವರ ಪದ್ಧತಿ.

ವಿಮಾನದಿಂದ ಲೇಹ ಉಸಿರಾಡಿತು. ಆದರೆ ಕೆಲವೇ ಡಕೋಟಾಗಳು ಮೋಡವಿಲ್ಲದ ದಿನಗಳಲ್ಲಿ ಹೊತ್ತು ತಂದ ಸಾಮಾನಿನಿಂದ ಒಂದು ನಾಡು ಇಡೀ ಚಳಿಗಾಲವನ್ನು ಕಳೆಯಲಾರದು. ಅಷ್ಟರಲ್ಲಿ ಕಾರ್ಗಿಲ್, ದ್ರಾಸ್ ಊರುಗಳು ದಾಳಿಕಾರರ ವಶವಾದವು. ಜೋಜಿಲಾ ಕಣಿವೆಯೂ ಅವರ ಕೈಸೇರಿತು. ಫೆಬ್ರವರಿಯಿಂದ ಮುತ್ತಿಗೆಯಲ್ಲಿದ್ದ ಸ್ಕರ್ದು ಕೋಟೆ ಆಗಸ್ಟ್ ೧೪ರಂದು ಬಿದ್ದಿತು. ಸೆಪ್ಟೆಂಬರಿನಲ್ಲಿ ನಮ್ಮ ಸೈನ್ಯ ಜೋಜಿಲಾವನ್ನು ಏರಲು ಮಾಡಿದ ಪ್ರಯತ್ನಗಳು ಸಾಗಲಿಲ್ಲ. ಕಣಿವೆಯ ಎರಡು ಬದಿಯ ಬಂಡೆಗವಿಗಳಲ್ಲಿ ಶತ್ರುಗಳ ಬಂದೂಕುಗಳು ಕುಳಿತಿದ್ದವು. ಕೆಳಗಿನಿಂದ ಏರುವವನು ಅವುಗಳಿಗೆ ಎದೆಯೊಡ್ಡಿಯೇ ಏರಬೇಕು. ಪಂಚಾಂಗವೂ ಶತ್ರುವಿನ ಪಕ್ಷದಲ್ಲಿತ್ತು. ಇನ್ನೊಂದು ತಿಂಗಳಲ್ಲಿ ಹಿಮವೇ ಬಾಗಿಲಿಗೆ ಅಗಳಿ ಹಾಕುತ್ತಿತ್ತು. ಆಮೇಲೆ ಲೇಹದವರು ಬೇಸಗೆಯವರೆಗೆ ಒಬ್ಬಂಟಿಗರು.

ಆಗ ತಿಮ್ಮಯ್ಯನವರು ಕೈಗೊಂಡ ನಿರ್ಧಾರವನ್ನು ಕೇಳಿದವರು ಮೊದಲು ಅದನ್ನು ಹುಚ್ಚೆಂದೇ ಎಣಿಸಿರಬೇಕು. ಟ್ಯಾಂಕುಗಳನ್ನು ಜೋಜಿಲಾದ ಮೇಲಕ್ಕೆ ಏರಿಸುವುದು! ಹದಿನೈದು ಟನ್ನಿನ ಸ್ಟುವರ್ಟ್ ಟ್ಯಾಂಕು. ಹೇಸರಗತ್ತೆ ನಡೆಯುವ ಕಾಲುದಾರಿ. ಏಳನೆಯ ಲೈಟ್ ಕ್ಯಾವಲ್ರಿಯ ಟ್ಯಾಂಕುಗಳು ಜಮ್ಮುವಿನ ಕಡೆಯಿಂದ ಗುಟ್ಟಾಗಿ ಹೊರಟವು. ಸೇತುವೆಗಳು ಭಾರ ತಡೆಯಲಾರವೆಂದು ಅವುಗಳ ಮೇಲಿನ ತೋಪಿನ ಗೋಪುರಗಳನ್ನು ಕಳಚಿ ಬೇರೆಯಾಗಿ ಸಾಗಿಸಿದರು. ಇವುಗಳ ನಾಯಕರು ಲೆಫ್ಟಿನೆಂಟ್ ಕರ್ನಲ್ ರಾಜಿಂದರ್ ಸಿಂಗ್. ಪದಾತಿಗಳನ್ನು ನಡೆಸಿದವರು ಬ್ರಿಗೇಡಿಯರ್ ಅಟಲ್.

ದಾರಿ ಮಾಡಿಕೊಟ್ಟವರು ಯಾರು? ಇಲ್ಲಿ ಕನ್ನಡನಾಡು ಇನ್ನೊಮ್ಮೆ ಬರುತ್ತದೆ. ಮೇಜರ್ ತಂಗರಾಜು ಅವರ ಕೈಕೆಳಗೆ ಮದ್ರಾಸ್ ಸ್ಯಾಪರ್ಸ್ ಪಡೆಯ ಎರಡು ಕಂಪನಿಗಳು ಬಾಲ್ಟಾಲಿನಿಂದ ಕಣಿವೆಯವರೆಗಿನ ಕಾಲುದಾರಿಯನ್ನು ಟ್ಯಾಂಕಿನ ದಾರಿಯನ್ನಾಗಿ ಮಾಡಿದವು. ಹೆಸರು ಮದ್ರಾಸಿನದಾದರೂ ಈ ಪಡೆಯ ತವರು ನಮ್ಮ ಬೆಂಗಳೂರಿನ ಹಲಸೂರು ಕೆರೆಯ ದಂಡೆ. ದಕ್ಷಿಣದ ಎಲ್ಲ ನುಡಿಗಳವರೂ ಅದರಲ್ಲಿ ಸೇರುತ್ತಾರೆ. ಹಿಮವನ್ನು ಕಂಡರಿಯದ ಸೀಮೆಗಳ ಕೈಗಳು ಹಾರೆ ಸಲಿಕೆ ಹಿಡಿದು, ಬಂಡೆ ಸಿಡಿಸಿ, ಅಂಚು ಕಟ್ಟಿ, ಶತ್ರುವಿನ ಗುಂಡಿನಳತೆಯಲ್ಲಿಯೇ ಆ ಕೆಲಸವನ್ನು ಮುಗಿಸಿದವು. ಯುದ್ಧದ ಕಥೆ ಹೇಳುವವರು ಕತ್ತಿ ಹಿಡಿದವನನ್ನು ಹೊಗಳುತ್ತಾರೆ. ಸಲಿಕೆ ಹಿಡಿದವನನ್ನು ಮರೆಯುತ್ತಾರೆ. ಜೋಜಿಲಾದ ಗೆಲವಿನಲ್ಲಿ ಸಲಿಕೆಯ ಪಾಲು ಕಡಮೆಯಾದುದಲ್ಲ.

೧೯೪೮ರ ನವೆಂಬರ್ ೧. ಹವೆ ಕೆಟ್ಟಿತ್ತು, ಬೆಟ್ಟಗಳಲ್ಲಿ ಹಿಮ ಇಳಿಯತೊಡಗಿತ್ತು. ಟ್ಯಾಂಕುಗಳು ಗುಡುಗುತ್ತ ಕಣಿವೆಯನ್ನು ಹೊಕ್ಕವು. ಮುಂದಿನ ಟ್ಯಾಂಕೊಂದರಲ್ಲಿ ತಿಮ್ಮಯ್ಯನವರೇ ಇದ್ದರು. ಅಷ್ಟೆತ್ತರದಲ್ಲಿ ಟ್ಯಾಂಕು ಕಾದಿದುದು ಜಗತ್ತಿನ ಯುದ್ಧಚರಿತ್ರೆಯಲ್ಲಿ ಅದೇ ಮೊದಲು. ಗವಿಗಳಲ್ಲಿ ಕುಳಿತವರು ಇಂಥದೊಂದನ್ನು ಕನಸಿನಲ್ಲಿಯೂ ಎಣಿಸಿರಲಿಲ್ಲ. ಅವರ ಗುಂಡುಗಳು ಉಕ್ಕಿನ ಮೈಗೆ ತಗುಲಿ ಸಿಡಿದುಹೋದವು. ಅಂದು ಸಂಜೆಯೊಳಗಾಗಿ ಜೋಜಿಲಾ ನಮ್ಮ ಕೈಯಲ್ಲಿತ್ತು. ಪಡೆ ಆಚೆಯ ಗುಮ್ರಿ ಬಯಲನ್ನು ಸೇರಿತ್ತು.

ಗುಂಡಿನ ಶತ್ರು ಹಿಂದೆಗೆದ. ಚಳಿಯ ಶತ್ರು ಹಿಂದೆಗೆಯಲಿಲ್ಲ. ಮುಂದಿನ ಮೂರು ವಾರ ಪಡೆ ಹೆಜ್ಜೆಹೆಜ್ಜೆಗೂ ಅದರೊಡನೆ ಸೆಣಸಬೇಕಾಯಿತು. ಹಿಮಗಡಿತವೆಂಬ ಪೀಡೆಯನ್ನು ನಮ್ಮವರು ಅರಿಯರು. ಅತಿಶೀತದಲ್ಲಿ ದೇಹವು ಹೃದಯವನ್ನು ಕಾಪಾಡಿಕೊಳ್ಳಲು ಬೆರಳು, ಕಿವಿ, ಮೂಗುಗಳಿಗೆ ಹೋಗುವ ರಕ್ತವನ್ನು ತಗ್ಗಿಸುತ್ತದೆ. ಬೆರಳು ಮೊದಲು ನೋಯುತ್ತದೆ, ಆಮೇಲೆ ನೋವು ನಿಲ್ಲುತ್ತದೆ. ನೋವು ನಿಂತಿತೆಂದು ಸಂತೋಷಪಡುವವನು ಕೆಟ್ಟ. ಬೆರಳು ಸಾಯತೊಡಗಿರುವುದೇ ಆಗ. ಅದನ್ನು ಹಿಮದಿಂದ ಉಜ್ಜಬೇಕೆಂದು ಹಿಂದೆ ಹೇಳುತ್ತಿದ್ದರು. ಅದು ತಪ್ಪೆಂದು ಈಗ ವೈದ್ಯರು ಖಚಿತವಾಗಿ ಹೇಳುತ್ತಾರೆ. ಉಜ್ಜದೆ, ಮತ್ತೆ ಹೆಪ್ಪುಗಟ್ಟದಂಥ ಜಾಗಕ್ಕೆ ಒಯ್ದು, ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಕಾಯಬೇಕು. ೧೯೪೮ರ ಆ ಸಿಪಾಯಿಗಳಲ್ಲಿ ಹಿಮದ ಉಡುಪು ಮೈತುಂಬ ಇದ್ದವರು ಕಡಮೆ. ಹಲವರು ಚಳಿಗೆ ಬೆರಳುಗಳನ್ನು ತೆತ್ತು ಊರಿಗೆ ಮರಳಿದರು. ಹೀಗಿದ್ದೂ ನವೆಂಬರ್ ನಡುವಿನಲ್ಲಿ ದ್ರಾಸ್, ೨೩ರಂದು ಕಾರ್ಗಿಲ್ ಕೈಸೇರಿದವು. ಲೇಹದಿಂದ ಬಂದ ಪಡೆಯೂ ಬಂದು ಕೂಡಿಕೊಂಡಿತು. ಜನವರಿ ೧, ೧೯೪೯ರಂದು ಯುದ್ಧ ನಿಂತಾಗ ಲಡಾಖ್ ಉಳಿದಿತ್ತು.

ಅದೇ ವೇಳೆಗೆ ನಮ್ಮ ಕಕ್ಕೇರಾದಲ್ಲಿ ಏನಾಗಿತ್ತು? ಆಗ ಈ ಸೀಮೆ ಹೈದರಾಬಾದು ಸಂಸ್ಥಾನದ ಕಲಬುರ್ಗಿ ಜಿಲ್ಲೆಗೆ ಸೇರಿದ್ದಿತು. ಸೆಪ್ಟೆಂಬರ್ ೧೭ರಂದು ನಿಜಾಮರ ಆಳಿಕೆ ಭಾರತದ ಸೈನ್ಯಕ್ಕೆ ಶರಣಾಗಿ ಸರಿಯಾಗಿ ನಲವತ್ತೈದು ದಿನ ಕಳೆದಿತ್ತು. ರಜಾಕಾರರ ಹಾವಳಿಗೆ ಊರು ಬಿಟ್ಟವರು ಹಿಂದಿರುಗುತ್ತಿದ್ದ ಕಾಲ. ೧೭೦೫ರಲ್ಲಿ ವಾಗಣಗೇರಿಯಲ್ಲಿ ಔರಂಗಜೇಬನ ಸೈನ್ಯಕ್ಕೆ ಎದುರುನಿಂತ ಬೇಡರ ನಾಡು ಇದು. ಶೌರ್ಯದ ಸುದ್ದಿಯೆಂದರೆ ಕಿವಿ ನಿಮಿರುವ ಜನ. ಆದರೂ ಆ ವರ್ಷ ತಮ್ಮ ಮನೆಯ ಬೆಂಕಿಯನ್ನು ಆರಿಸುವ ಅವಸರದಲ್ಲಿ ದೂರದ ಹಿಮದ ವಾರ್ತೆಗೆ ಕಿವಿಗೊಡುವವರು ಯಾರು? ಆಗ ಕೊಡಗು ಬೇರೆ ಪ್ರಾಂತ್ಯ, ಧಾರವಾಡ ಮುಂಬಯಿಯ ಕೆಳಗೆ, ಹಾಸನ ಮೈಸೂರುಗಳು ಮಹಾರಾಜರ ಸಂಸ್ಥಾನ, ನಾವು ಹೈದರಾಬಾದಿನವರು. ಜೋಜಿಲಾದ ಬಾಗಿಲು ತೆರೆದ ದಿನಕ್ಕೆ ಸರಿಯಾಗಿ ಎಂಟು ವರ್ಷ ತುಂಬಿದ ೧೯೫೬ರ ನವೆಂಬರ್ ೧ರಂದು ಈ ತುಂಡುಗಳೆಲ್ಲ ಕೂಡಿ ಒಂದೇ ರಾಜ್ಯವಾದವು. ತಾರೀಖಿನ ಈ ಹೊಂದಿಕೆ ಆಕಸ್ಮಿಕ. ಆದರೂ ರಾಜ್ಯೋತ್ಸವದ ದಿನ ಧ್ವಜದ ಕೆಳಗೆ ನಿಂತಾಗ ನನಗೆ ಇನ್ನೊಂದು ನವೆಂಬರ್ ೧ ನೆನಪಾಗುತ್ತದೆ.

ತಿಮ್ಮಯ್ಯನವರು ೧೯೫೭ರಿಂದ ೧೯೬೧ರವರೆಗೆ ದೇಶದ ಭೂಸೇನೆಯ ಮುಖ್ಯಸ್ಥರಾಗಿದ್ದರು. ೧೯೬೫ರ ಡಿಸೆಂಬರಿನಲ್ಲಿ ಸೈಪ್ರಸ್ ದ್ವೀಪದಲ್ಲಿ, ವಿಶ್ವಸಂಸ್ಥೆಯ ಶಾಂತಿಪಡೆಯ ನಾಯಕರಾಗಿದ್ದಾಗಲೇ ತೀರಿಕೊಂಡರು. ಅವರು ನಿವೃತ್ತರಾದ ಮರುವರ್ಷವೇ, ೧೯೬೨ರಲ್ಲಿ, ಚೀನದ ಗಡಿಯಲ್ಲಿ ಯುದ್ಧ ನಡೆಯಿತು. ಜೋಜಿಲಾ ಕಲಿಸಿದ ಪಾಠವನ್ನು ದೇಶ ಹದಿನಾಲ್ಕು ವರ್ಷಗಳಲ್ಲಿ ಮರೆತಿದ್ದಿತು. ಹತ್ತಿಯ ಸಮವಸ್ತ್ರ ತೊಟ್ಟ ಸಿಪಾಯಿಗಳನ್ನು, ತೆಳುವಾದ ಹೊದಿಕೆ ಕೊಟ್ಟು, ಮೈ ಎತ್ತರಕ್ಕೆ ಒಗ್ಗುವ ಮೊದಲೇ ಹಿಮದ ಬೆಟ್ಟಗಳಿಗೆ ಅಟ್ಟಲಾಯಿತು. ಅವರು ಧೈರ್ಯದಲ್ಲಿ ಕಡಮೆಯಾಗಿರಲಿಲ್ಲ, ಹಗೇವು ಬರಿದಾಗಿತ್ತು. ಆ ಸೋಲಿನ ಬಳಿಕ ಬೆಟ್ಟದ ಯುದ್ಧಕ್ಕೆಂದೇ ಪ್ರತ್ಯೇಕ ವಿಭಾಗಗಳು ಕಟ್ಟಲ್ಪಟ್ಟವು. ೧೯೬೯ರಲ್ಲಿ ಮನಾಲಿಯಲ್ಲಿ ಹಿಮಕುಸಿತದ ಅಭ್ಯಾಸಕ್ಕೆಂದೇ ಒಂದು ಸಂಸ್ಥೆ ಹುಟ್ಟಿತು.

೧೯೮೪ರ ಏಪ್ರಿಲ್ ೧೩ರಂದು ನಮ್ಮ ಸೈನಿಕರು ಸಿಯಾಚಿನ್ ನೀರ್ಗಲ್ಲಿನ ಎತ್ತರಗಳನ್ನು ಏರಿದರು. ಅಂದಿನಿಂದ ಅಲ್ಲಿ ಕಾವಲು ತಪ್ಪಿಲ್ಲ. ಜೋಜಿಲಾಕ್ಕಿಂತ ಅದು ಎಷ್ಟೋ ಮೇಲೆ. ಅಲ್ಲಿಯ ಕೆಲವು ಠಾಣ್ಯಗಳು ಇಪ್ಪತ್ತು ಸಾವಿರ ಅಡಿಗಳ ಆಸುಪಾಸಿನಲ್ಲಿವೆ. ಗುಂಡಿಗೆ ಸತ್ತವರಿಗಿಂತ ಚಳಿಗೆ, ಹಿಮಕುಸಿತಕ್ಕೆ, ತೆಳುಗಾಳಿಗೆ ಸತ್ತವರೇ ಅಲ್ಲಿ ಹೆಚ್ಚು. ಅಲ್ಲಿಗೆ ಹೋಗುವವನು ಒಮ್ಮೆಲೆ ಹೋಗುವಂತಿಲ್ಲ. ಮೆಟ್ಟಿಲು ಮೆಟ್ಟಿಲಾಗಿ, ಒಂದೊಂದು ಎತ್ತರದಲ್ಲಿ ಕೆಲವು ದಿನ ತಂಗಿ, ರಕ್ತವನ್ನು ಆ ಗಾಳಿಗೆ ಒಗ್ಗಿಸಿಕೊಳ್ಳಬೇಕು. ಹಾಗಲ್ಲವಾದರೆ ಪುಪ್ಪುಸದಲ್ಲಿ ನೀರು ತುಂಬುತ್ತದೆ. ಆಗ ಮುಖ್ಯವಾದ ಚಿಕಿತ್ಸೆಯೆಂದರೆ ಕೂಡಲೇ ಕೆಳಕ್ಕೆ ಇಳಿಸುವುದು. ನಡೆಯುವಾಗ ಒಬ್ಬರಿಗೊಬ್ಬರು ಹಗ್ಗ ಕಟ್ಟಿಕೊಳ್ಳುತ್ತಾರೆ. ಒಬ್ಬ ಬಿರುಕಿಗೆ ಬಿದ್ದರೆ ಉಳಿದವರು ಎಳೆದುಕೊಳ್ಳಬೇಕು. ಸುತ್ತಲೂ ನೀರಿನ ಬೆಟ್ಟವಿದ್ದರೂ ಕುಡಿಯಲು ನೀರಿಲ್ಲ. ಸೀಮೆಎಣ್ಣೆಯ ಒಲೆಯ ಮೇಲೆ ಹಿಮವನ್ನು ಕರಗಿಸಿಯೇ ಬಾಯಾರಿಕೆ ತೀರಬೇಕು. ಬಿಸಿಲೇರಿ ಹಿಮ ಸಡಿಲಾಗುವ ಮೊದಲು, ಕತ್ತಲೆಯಲ್ಲಿ ಅದು ಗಟ್ಟಿಯಾಗಿರುವಾಗಲೇ ದಾರಿ ಕಳೆಯಬೇಕು.

ಇಷ್ಟೆಲ್ಲ ಸಿದ್ಧತೆಯಿದ್ದರೂ ಹಿಮದ ಮುಂದೆ ಮನುಷ್ಯನ ಲೆಕ್ಕ ತಪ್ಪುವುದುಂಟು. ೨೦೧೬ರ ಫೆಬ್ರವರಿ ೩ರಂದು ಸುಮಾರು ೧೯,೬೦೦ ಅಡಿ ಎತ್ತರದ ಸೋನಂ ಠಾಣ್ಯದ ಮೇಲೆ ಹಿಮದ ಗೋಡೆ ಕುಸಿಯಿತು. ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಒಳಗಾದರು. ಅವರಲ್ಲಿ ಮೂವರು ನಮ್ಮ ನಾಡಿನವರು: ಹಾಸನ ಜಿಲ್ಲೆಯ ತೇಜೂರಿನ ಸುಬೇದಾರ್ ನಾಗೇಶ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಸಿಪಾಯಿ ಮಹೇಶ, ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ ಹನುಮಂತಪ್ಪ ಕೊಪ್ಪದ. ಜೊತೆಗಾರರು ಹಗಲಿರುಳು ಕಲ್ಲಿನಂಥ ನೀರ್ಗಡ್ಡೆಯನ್ನು ಯಂತ್ರದಿಂದ ಕೊರೆದರು. ನಾಯಿಗಳು ಮೂಸಿ ಜಾಗ ತೋರಿದವು. ಆರನೆಯ ದಿನ, ಫೆಬ್ರವರಿ ೮ರಂದು, ಇಪ್ಪತ್ತೈದು ಅಡಿಗೂ ಮಿಕ್ಕ ಆಳದಲ್ಲಿ ಹನುಮಂತಪ್ಪ ಸಿಕ್ಕಿದರು. ಉಸಿರಿತ್ತು!

ಆ ಮೂರು ದಿನ ಕನ್ನಡನಾಡಿನಲ್ಲಿ ಅವರಿಗಾಗಿ ದೀಪ ಹಚ್ಚದ ಊರು ವಿರಳ. ಗುಡಿ, ಮಸೀದಿ, ಇಗರ್ಜಿಗಳಲ್ಲಿ ಪ್ರಾರ್ಥನೆಯಾಯಿತು. ದಿಲ್ಲಿಯ ಸೈನಿಕ ಆಸ್ಪತ್ರೆಯಲ್ಲಿ ಫೆಬ್ರವರಿ ೧೧ರಂದು ಅವರು ಪ್ರಾಣ ಬಿಟ್ಟರು. ಜೋಳದ ಹೊಲಗಳ ನಡುವಿನ ಬೆಟದೂರಿಗೆ ದೇಹ ಬಂದಾಗ ಸುತ್ತಣ ಹಳ್ಳಿಗಳೆಲ್ಲ ಅಲ್ಲಿ ನೆರೆದವು. ಅವರಲ್ಲಿ ಹಿಮವನ್ನು ಕಣ್ಣಾರೆ ಕಂಡವರು ಎಷ್ಟು ಮಂದಿ? ಆದರೂ ‘ಹಿಮ’ವೆಂಬ ಶಬ್ದದ ಭಾರ ನಮ್ಮ ನುಡಿಗೆ ಅಂದು ತಿಳಿಯಿತೆಂದು ನಾನು ಭಾವಿಸುತ್ತೇನೆ.

ಜೋಜಿಲಾದ ಕಥೆ ಇನ್ನೂ ಮುಗಿದಿಲ್ಲ. ಕಣಿವೆಯ ಅಡಿಯಲ್ಲಿ ಸುಮಾರು ಹದಿಮೂರು ಕಿಲೋಮೀಟರಿಗೂ ಉದ್ದವಾದ ಸುರಂಗದ ಕೆಲಸವನ್ನು ೨೦೨೦ರಲ್ಲಿ ಕೈಗೊಂಡರು. ಅದಕ್ಕೆ ಮೊದಲು ಬರುವ ಸೋನಮಾರ್ಗದ ಆರೂವರೆ ಕಿಲೋಮೀಟರಿನ ಸುರಂಗ ೨೦೨೫ರ ಜನವರಿ ೧೩ರಂದು, ನಡುಚಳಿಗಾಲದಲ್ಲಿಯೇ, ತೆರೆಯಿತು. ೧೯೪೮ರಲ್ಲಿ ಸಲಿಕೆಯಿಂದ ಆರಂಭವಾದ ಕೆಲಸ ಹೀಗೆ ಬೆಟ್ಟದ ಹೊಟ್ಟೆಯನ್ನು ಹೊಕ್ಕಿದೆ.

ಆ ಹುಡುಗನ ಪ್ರಶ್ನೆಗೆ ನಾನು ಅಂದು ಪೂರ್ಣ ಉತ್ತರ ಕೊಡಲಾರದೆ ಹೋದೆ. ಈಗ ಹೇಳಬಹುದು. ತಮ್ಮಾ, ಆಣೆಕಲ್ಲು ಸಿಡಿಲಿನೊಡನೆ ಬಂದು ಅರ್ಧಗಳಿಗೆಯಲ್ಲಿ ಕರಗಿಹೋಗುತ್ತದೆ; ಅಂಗಳಕ್ಕೆ ಓಡಿ ಆರಿಸಿಕೊಂಡು ಬಾಯಿಗೆ ಹಾಕಿಕೊಳ್ಳುತ್ತೀರಿ. ಹಿಮ ಸದ್ದಿಲ್ಲದೆ ಬರುತ್ತದೆ, ಬಂದು ಕೂಡುತ್ತದೆ, ಹೋಗೆಂದರೆ ಹೋಗುವುದಿಲ್ಲ. ಅದನ್ನು ಎದುರಿಸಲು ಮೀಸೆ ತಿರುವಿದರೆ ಸಾಲದು. ಉಣ್ಣೆಯ ಬಟ್ಟೆ, ಕೂಡಿಟ್ಟ ಹಿಟ್ಟು, ಜೊತೆಗಾರನ ಹಗ್ಗ, ದಾರಿ ಕಡಿಯುವ ಸಲಿಕೆ ಬೇಕು. ಇವೆಲ್ಲ ಹಿಮ ಬೀಳುವ ಮೊದಲೇ ಸಿದ್ಧವಾಗಿರಬೇಕು. ನಿನ್ನ ಮುತ್ತಜ್ಜ ಸುಗ್ಗಿಯಲ್ಲಿ ಹಗೇವು ತುಂಬಿದ್ದು ಇದೇ ಬುದ್ಧಿಯಿಂದ.